ಇನ್‌ಸ್ಟಾಲ್ ಬೇಡ ಎಂದರೆ ಲೈಸೆನ್ಸೂ ಬೇಡವೇ?

ಪ್ರಶ್ನೆ:

"ನಮಸ್ಕಾರ ಸರ್. ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಪೂಜೆಯ ಆಮಂತ್ರಣ, ಸಂಘದ ಸ್ಮರಣ ಸಂಚಿಕೆ, ಹೋಟೆಲಿನವರ ಮೆನು ಕಾರ್ಡು, ಎಲ್ಲ ಕನ್ನಡ, ಮರಾಠಿ ಎರಡರಲ್ಲೂ ಮಾಡಿಕೊಡುತ್ತೇನೆ. ಹೋದ ತಿಂಗಳು ಕಂಪ್ಯೂಟರ್ ನಿಧಾನವಾಯಿತೆಂದು ರಿಪೇರಿ ಹುಡುಗನನ್ನು ಕರೆಸಿದೆ. ಅವನು ಫಾರ್ಮ್ಯಾಟ್ ಮಾಡಿ, 'ಆಂಟಿ, ಇನ್ನು ಏನೂ ಇನ್‌ಸ್ಟಾಲ್ ಮಾಡೋದು ಬೇಡ, ಎಲ್ಲಾ ಪೋರ್ಟಬಲ್ ಇದೆ, ಲೈಸೆನ್ಸ್ ತಾಪತ್ರಯವೇ ಇಲ್ಲ' ಎಂದು 32 ಜಿಬಿಯ ಪೆನ್ ಡ್ರೈವ್ ಕೊಟ್ಟು ಹೋದ. ಅದರಲ್ಲಿ ಫೋಟೋಶಾಪ್, ಕೋರೆಲ್‌ಡ್ರಾ, ಎಂಎಸ್ ಆಫೀಸ್, ಗಿಂಪ್, ಲಿಬ್ರೆ ಆಫೀಸ್, ವಿಎಲ್‌ಸಿ, ವಿನ್‌ರಾರ್, ಇರ್ಫಾನ್‌ವ್ಯೂ, ನುಡಿ, ಶ್ರೀಲಿಪಿ ಫಾಂಟುಗಳ ಫೋಲ್ಡರ್ ಎಲ್ಲ ಇವೆ. ಫೋಟೋಶಾಪ್ ತೆರೆದಾಗ ವಿಂಡೋಸಿನ ಆ್ಯಂಟಿವೈರಸ್ ಡಿಫೆಂಡರ್ ಕೆಂಪು ಎಚ್ಚರಿಕೆ ತೋರಿಸಿತು. ಹುಡುಗನಿಗೆ ಫೋನ್ ಮಾಡಿದರೆ 'ಅದು ಫಾಲ್ಸ್ ಅಲಾರಂ, ಅಲೋ ಒತ್ತಿ' ಎಂದ, ಒತ್ತಿದೆ. ಮೊನ್ನೆ ಐಟಿ ಕಂಪನಿಯಲ್ಲಿರುವ ಗಿರಾಕಿಯೊಬ್ಬರು ನೋಡಿ 'ಇದೆಲ್ಲ ಪೈರೇಟೆಡ್. ಪುಕ್ಕಟೆ ಸಾಫ್ಟ್‌ವೇರ್ ಅಂದರೇ ಕಳ್ಳಮಾಲು. ಪೊಲೀಸರು ಬಂದರೆ ಅಂಗಡಿಗೇ ಬೀಗ' ಎಂದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ತೆಗೆಯಲಿ? ಇದೇ ಕಂಪ್ಯೂಟರಿನಲ್ಲಿ ಮಗಳು ನೆಟ್ ಬ್ಯಾಂಕಿಂಗ್ ಮಾಡುತ್ತಾಳೆ. ಇನ್ನೊಂದು: ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಎರಡು ಹಳೆಯ ಕಂಪ್ಯೂಟರ್ ದಾನವಾಗಿ ಬಂದಿವೆ. ಅವಕ್ಕೂ ಇದೇ ಪೆನ್ ಡ್ರೈವಿನಿಂದ ಹಾಕಿಕೊಡಿ ಎನ್ನುತ್ತಿದ್ದಾರೆ. ಹಾಕಬಹುದೇ?"

ಉತ್ತರ:

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಇವತ್ತಿನಿಂದಲೇ ನಿಲ್ಲಿಸುವಂತೆ ಮಗಳಿಗೆ ಹೇಳಿ. ಬ್ಯಾಂಕಿನದು, ಇಮೇಲಿನದು, ಎರಡೂ ಪಾಸ್‌ವರ್ಡುಗಳನ್ನು ಅವರು ತಮ್ಮ ಫೋನಿನಿಂದ ಬದಲಾಯಿಸಲಿ. ಅಂಗಡಿಯ ಕಂಪ್ಯೂಟರಿನಿಂದ ಬದಲಾಯಿಸಿದರೆ ಹೊಸ ಪಾಸ್‌ವರ್ಡೂ ಹಳೆಯದರ ದಾರಿಯನ್ನೇ ಹಿಡಿಯಬಹುದು. ಕಾರಣ ಮುಂದೆ ಹೇಳುತ್ತೇನೆ.

ಈಗ ನಿಮ್ಮ ನಿದ್ದೆಯ ವಿಷಯ. ಹುಡುಗ ಹೇಳಿದ್ದೂ ಸರಿಯಲ್ಲ, ಗಿರಾಕಿ ಹೇಳಿದ್ದೂ ಸರಿಯಲ್ಲ. ನಿಮ್ಮ ಪಟ್ಟಿಯಲ್ಲಿ ಅಪ್ಪಟ ಅಸಲಿ ಮಾಲೂ ಇದೆ, ಅಪ್ಪಟ ಕಳ್ಳಮಾಲೂ ಇದೆ, ಮನೆಯಲ್ಲಾದರೆ ಸರಿ, ಅಂಗಡಿಯಲ್ಲಾದರೆ ತಪ್ಪು ಎನ್ನುವಂಥದ್ದೂ ಇದೆ. ಮೊರದಲ್ಲಿ ಹಾಕಿಕೊಂಡು ಅಕ್ಕಿಯೊಳಗಿನ ಕಲ್ಲು ಆರಿಸುವ ಹಾಗೆ ಒಂದೊಂದಾಗಿ ನೋಡಬೇಕು.

ಪೋರ್ಟಬಲ್ ಎನ್ನುವುದು ಸಾಫ್ಟ್‌ವೇರ್ ಓಡುವ ರೀತಿಗೆ ಇಟ್ಟ ಹೆಸರು, ಅಷ್ಟೇ. ಸಾಮಾನ್ಯವಾಗಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವಾಗ ವಿಂಡೋಸಿನ ಒಳಗೆ ಹತ್ತು ಕಡೆ ಸಾಮಾನು ಹರಡುತ್ತದೆ. ರಿಜಿಸ್ಟ್ರಿಯಲ್ಲಿ ಒಂದಿಷ್ಟು ದಾಖಲೆ, ಸಿಸ್ಟಮ್ ಫೋಲ್ಡರಿನಲ್ಲಿ ಒಂದಿಷ್ಟು ಫೈಲು, ಬಳಸುವವರ ಹೆಸರಿನ ಫೋಲ್ಡರಿನಲ್ಲಿ ಸೆಟ್ಟಿಂಗುಗಳು. ಪೋರ್ಟಬಲ್ ಆದದ್ದು ಇದನ್ನೆಲ್ಲ ಒಂದೇ ಫೋಲ್ಡರಿನಲ್ಲಿ ಗಂಟು ಕಟ್ಟಿಕೊಂಡಿರುತ್ತದೆ. ಪೆನ್ ಡ್ರೈವ್ ಕಿತ್ತು ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಸೆಟ್ಟಿಂಗ್ ಸಮೇತ ಜೊತೆಗೆ ಬರುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಗಂಟುಮೂಟೆ ಹೊತ್ತು ಮನೆ ಬದಲಿಸುವ ನಮ್ಮ ಮುಂಬಯಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಂಟಿನಲ್ಲಿರುವ ಸಾಮಾನು ಯಾರದು, ಅದನ್ನು ನಿಮಗೆ ಕೊಡುವ ಹಕ್ಕು ಯಾರಿಗಿದೆ ಎನ್ನುವ ಪ್ರಶ್ನೆಗೂ ಗಂಟು ಕಟ್ಟಿದ ರೀತಿಗೂ ಸಂಬಂಧವಿಲ್ಲ. ಲೈಸೆನ್ಸ್ ಅಂದರೆ ಆ ಹಕ್ಕು. ಇನ್‌ಸ್ಟಾಲ್ ಮಾಡಿದರೂ ಮಾಡದಿದ್ದರೂ ಅದು ಬೇಕೇ ಬೇಕು.

ಪುಕ್ಕಟೆ ಸಿಗುವುದರಲ್ಲೂ ಜಾತಿಗಳಿವೆ. ಮೊದಲನೆಯದು ಮುಕ್ತ ತಂತ್ರಾಂಶ. ಬರೆದವರೇ ಮೂಲ ಕೋಡ್ ಸಮೇತ ಲೋಕಕ್ಕೆ ಬಿಟ್ಟುಕೊಟ್ಟಿದ್ದು. ಗಿಂಪ್, ಲಿಬ್ರೆ ಆಫೀಸ್, ವಿಎಲ್‌ಸಿ, ಇಂಕ್‌ಸ್ಕೇಪ್, 7-ಜಿಪ್ ಈ ಪೈಕಿ. ಇವುಗಳನ್ನು ಅಂಗಡಿಯಲ್ಲಿ ಬಳಸಿ ದುಡಿಯಬಹುದು, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ಇನ್ನೊಬ್ಬರಿಗೆ ನಕಲು ಮಾಡಿ ಕೊಡಬಹುದು. ಯಾರಾದರೂ ಗಿಂಪನ್ನು ಡಿವಿಡಿಗೆ ಹಾಕಿ ದುಡ್ಡಿಗೆ ಮಾರಿದರೆ ಅದೂ ಅಪರಾಧವಲ್ಲ, ಅದರ ಲೈಸೆನ್ಸೇ ಒಪ್ಪಿಗೆ ಕೊಟ್ಟಿದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು, ಆ ಚಳವಳಿಯಿಂದ 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬಂತು. ನಲವತ್ತು ವರ್ಷ ಸಾವಿರಾರು ಜನ ಬೆವರು ಸುರಿಸಿ ಕಟ್ಟಿದ್ದನ್ನು ಪುಕ್ಕಟೆಯ ಕಳ್ಳಮಾಲು ಎಂದು ತಳ್ಳಿಹಾಕಿದರೆ ನನಗೆ ನೋವಾಗುತ್ತದೆ. ನಿಮ್ಮ ಗಿರಾಕಿಯ ಆಫೀಸಿನ ಸರ್ವರುಗಳೂ ಬಹುಶಃ ಇಂಥ ಸಾಫ್ಟ್‌ವೇರಿನ ಮೇಲೇ ನಿಂತಿರುತ್ತವೆ.

ಎರಡನೆಯದು ಫ್ರೀವೇರ್. ಮಾಲೀಕರು ದುಡ್ಡು ಕೇಳುವುದಿಲ್ಲ, ಆದರೆ ಕರಾರು ಹಾಕಿರುತ್ತಾರೆ. ನಿಮ್ಮ ಪಟ್ಟಿಯ ಇರ್ಫಾನ್‌ವ್ಯೂ ಹೀಗೆ. ಮನೆಯಲ್ಲಿ ಫೋಟೋ ನೋಡಲು ಪುಕ್ಕಟೆ, ವ್ಯಾಪಾರಕ್ಕೆ ಬಳಸಿದರೆ ನೋಂದಣಿಯ ಹಣ ಕಟ್ಟಬೇಕು. ಅದೇ ಫೈಲು ನಿಮ್ಮ ಮಗಳ ಲ್ಯಾಪ್‌ಟಾಪಿನಲ್ಲಿ ಸಲ್ಲುತ್ತದೆ, ನಿಮ್ಮ ಅಂಗಡಿಯ ಕೌಂಟರಿನಲ್ಲಿ ಸಲ್ಲುವುದಿಲ್ಲ. ಮೂರನೆಯದು ಟ್ರಯಲ್. ವಿನ್‌ರಾರ್ 40 ದಿನ ಬಳಸಿ ನೋಡಿ ಎನ್ನುತ್ತದೆ, ಆಮೇಲೂ ಓಡುತ್ತಲೇ ಇರುತ್ತದೆ. ಹಾಗಾಗಿ ಅದು ಫ್ರೀ ಎಂದು ಊರೆಲ್ಲ ನಂಬಿದೆ. ಫ್ರೀ ಅಲ್ಲ. ನಿಮಗೆ ಅದರ ಅಗತ್ಯವೂ ಇಲ್ಲ, ರಾರ್ ಫೈಲನ್ನು 7-ಜಿಪ್ ಬಿಚ್ಚುತ್ತದೆ.

ಉಳಿದದ್ದು ಫೋಟೋಶಾಪ್, ಕೋರೆಲ್, ಎಂಎಸ್ ಆಫೀಸ್. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಫೋಟೋಶಾಪಿನ ಪೋರ್ಟಬಲ್ ಆವೃತ್ತಿಯನ್ನು ಅಡೋಬಿ ಎಂದೂ ಬಿಡುಗಡೆ ಮಾಡಿಲ್ಲ. ಬೇರೆ ಯಾರೋ ಬೀಗ ಮುರಿದು, ಒಂದೇ ಫೈಲಿನೊಳಗೆ ತುರುಕಿ ಹಂಚಿದ್ದು ಅದು. "ಅಡೋಬಿಯವರೇ ಹಳೆಯ ಫೋಟೋಶಾಪನ್ನು ಫ್ರೀ ಬಿಟ್ಟಿದ್ದಾರಂತೆ" ಎನ್ನುವ ಮಾತು ಈಗಲೂ ಕೇಳಿಬರುತ್ತದೆ. ಅದರ ಮೂಲ 2013ರ ಜನವರಿಯಲ್ಲಿದೆ. ಸಿಎಸ್2 ಎಂಬ ಹಳೆಯ ಆವೃತ್ತಿಯನ್ನು ನೋಂದಾಯಿಸುವ ಸರ್ವರ್ ಮುಚ್ಚಿದಾಗ, ಅದನ್ನು ಮೊದಲೇ ಕೊಂಡವರಿಗಾಗಿ ಕಂಪನಿ ಸೀರಿಯಲ್ ನಂಬರ್ ಸಮೇತ ಫೈಲುಗಳನ್ನು ತನ್ನ ಸೈಟಿನಲ್ಲಿ ಇಟ್ಟಿತು. ಜನ ಮುಗಿಬಿದ್ದು ಇಳಿಸಿಕೊಂಡರು. ಕೊಂಡವರಿಗೆ ಮಾತ್ರ ಎಂದು ಕಂಪನಿ ಹೇಳುವಷ್ಟರಲ್ಲಿ ಸುದ್ದಿ ಊರು ಸುತ್ತಿ ಆಗಿತ್ತು.

ಈಗ ನೀವು ಪತ್ರದ ಜೊತೆ ಕಳಿಸಿದ, ಪೆನ್ ಡ್ರೈವಿನ ಫೋಲ್ಡರುಗಳ ಫೋಟೋಗಳಿಗೆ ಬರುತ್ತೇನೆ. ಎರಡು ಫೋಲ್ಡರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ಗಿಂಪ್ ಫೋಲ್ಡರಿನಲ್ಲಿ ಆಪ್, ಡೇಟಾ, ಅದರ್ ಎಂಬ ಮೂರು ಫೋಲ್ಡರುಗಳಿವೆ, ಜೊತೆಗೆ ಒಂದು ಹೆಲ್ಪ್ ಪುಟ. ಇದು ಪೋರ್ಟಬಲ್ ಆಪ್ಸ್ ಎಂಬ ಯೋಜನೆಯ ಕಟ್ಟಡ. ಜಾನ್ ಹ್ಯಾಲರ್ ಎಂಬವರು 2004ರಲ್ಲಿ ಫೈರ್‌ಫಾಕ್ಸನ್ನು ಪೆನ್ ಡ್ರೈವಿನಿಂದ ಓಡುವಂತೆ ಮಾಡಿದ್ದರಿಂದ ಇದು ಶುರುವಾಯಿತು. ಆಪ್ ಫೋಲ್ಡರಿನ ಒಳಗೆ ಆಪ್‌ಇನ್ಫೋ ಎಂಬ ಫೋಲ್ಡರ್ ಇದೆ, ಅದರಲ್ಲಿ ಅದೇ ಹೆಸರಿನ ಸಣ್ಣ ಫೈಲೊಂದಿದೆ. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಲೈಸೆನ್ಸ್ ಎಂಬ ತಲೆಬರಹದ ಕೆಳಗೆ ನಾಲ್ಕು ಸಾಲು ಕಾಣುತ್ತವೆ: ಹಂಚಬಹುದೇ, ಮುಕ್ತ ತಂತ್ರಾಂಶವೇ, ಪುಕ್ಕಟೆಯೇ, ವ್ಯಾಪಾರಕ್ಕೆ ಬಳಸಬಹುದೇ. ಪ್ರತಿಯೊಂದರ ಮುಂದೆ ಹೌದು ಅಥವಾ ಅಲ್ಲ. ಕೆಲಸವನ್ನು ಶ್ರದ್ಧೆಯಿಂದ ಮಾಡುವವರು ಇಷ್ಟು ಬರೆದಿಡುತ್ತಾರೆ. ಇನ್ನೂ ಒಂದು ಗುರುತು ಹೇಳುತ್ತೇನೆ. ಗೂಗಲ್ ಕ್ರೋಮ್ ಪುಕ್ಕಟೆ, ಆದರೂ ಪೋರ್ಟಬಲ್ ಆಪ್ಸ್‌ನವರು ಅದನ್ನು ತಮ್ಮ ಪೊಟ್ಟಣದೊಳಗೆ ಇಟ್ಟು ಹಂಚುವುದಿಲ್ಲ. ನೀವು ಓಡಿಸಿದಾಗ ಪೊಟ್ಟಣವೇ ಹೋಗಿ ಗೂಗಲಿನಿಂದ ನೇರ ಇಳಿಸಿಕೊಳ್ಳುತ್ತದೆ. ಹಂಚುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತು, ಆ ಗೆರೆ ದಾಟುವುದಿಲ್ಲ.

ಫೋಟೋಶಾಪಿನ ಫೋಟೋದಲ್ಲಿ ಇರುವುದು ಒಂದೇ ಒಂದು ಎಕ್ಸ್‌ಇ ಫೈಲು, ಅಂದರೆ ಒತ್ತಿದರೆ ಓಡುವ ಫೈಲು, ಪಕ್ಕದಲ್ಲಿ "ಮೊದಲು ಇದನ್ನು ಓದಿ" ಎಂಬ ಚೀಟಿ. ಚೀಟಿಯಲ್ಲಿ ಎರಡು ಸಾಲು: ಆ್ಯಂಟಿವೈರಸ್ ಆಫ್ ಮಾಡಿ, ಇಂಟರ್ನೆಟ್ ಕಡಿದು ತೆರೆಯಿರಿ. ಲೈಸೆನ್ಸ್ ಪತ್ರ ಇಲ್ಲ, ತಯಾರಿಸಿದವರ ಹೆಸರಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಸಣ್ಣ ಆಫೀಸು, ಹೋಟೆಲುಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ಕಾವಲುಗಾರನನ್ನು ಹೊರಗೆ ಕಳಿಸಿ ಎಂದು ಕೇಳುವ ಅಸಲಿ ಕಂಪನಿಯ ಚೀಟಿ ನನ್ನ ಕಣ್ಣಿಗೆ ಬಿದ್ದಿಲ್ಲ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲು ಕೊಟ್ಟು, ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿಡುವುದೂ ಇಂಥದ್ದೇ ಉಪಾಯ. ಬೀಗ ಹಾಕಿದ ಪೆಟ್ಟಿಗೆಯ ಒಳಗೆ ಆ್ಯಂಟಿವೈರಸ್ ಇಣುಕಲಾರದು.

ಆದರೆ ಕಟ್ಟಡ ಚೆಂದವಿದ್ದ ಮಾತ್ರಕ್ಕೆ ನಿಮ್ಮ ಗಿಂಪನ್ನೂ ನಾನು ನಂಬುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದೇ ಆಕಾರದ ಫೋಲ್ಡರಿನೊಳಗೆ ಇನ್ನೇನನ್ನೋ ಸೇರಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ. ಗಿಂಪ್ ಅಸಲಿ ಎನ್ನುವುದು ಒಂದು ಮಾತು, ನಿಮ್ಮ ಪೆನ್ ಡ್ರೈವಿನಲ್ಲಿರುವ ಗಿಂಪ್ ಅಸಲಿ ಎನ್ನುವುದು ಬೇರೆ ಮಾತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಇದು ಮಾಡಿದವರ ಕೈಯಿಂದ ನನ್ನ ಕೈಗೆ ಬರುವಾಗ ನಡುವೆ ಯಾರ್ಯಾರ ಕೈ ದಾಟಿತು? ಮುಕ್ತ ತಂತ್ರಾಂಶದಲ್ಲಿ ಇರುವ ದೊಡ್ಡ ಅನುಕೂಲವೆಂದರೆ ನಡುವಿನ ಕೈಗಳೇ ಬೇಡ. ತಯಾರಿಸಿದವರ ಬಾಗಿಲಿಗೇ ಹೋಗಬಹುದು. ಲಿಬ್ರೆ ಆಫೀಸಿನ ಸ್ವಂತ ಸೈಟಿನಲ್ಲೇ ಅದರ ಪೋರ್ಟಬಲ್ ಆವೃತ್ತಿ ಸಿಗುತ್ತದೆ. ಕ್ರಿಟಾ, ಸುಮಾತ್ರಾ ಪಿಡಿಎಫ್, ವಿಎಲ್‌ಸಿ ಇವೂ ಇನ್‌ಸ್ಟಾಲ್ ಬೇಡದ ಜಿಪ್ ಫೈಲುಗಳನ್ನು ತಾವೇ ಕೊಡುತ್ತವೆ.

ಬಾಗಿಲು ಹುಡುಕುವಾಗಲೂ ಜೋಪಾನ. ಗೂಗಲಿನಲ್ಲಿ ಹುಡುಕಿದಾಗ ಮೇಲೆ ಕಾಣುವ ಮೊದಲ ಒಂದೆರಡು ಸಾಲು ಜಾಹೀರಾತಾಗಿರಬಹುದು, ಸ್ಪಾನ್ಸರ್ಡ್ ಎಂದು ಸಣ್ಣದಾಗಿ ಬರೆದಿರುತ್ತದೆ. 2022ರ ಅಕ್ಟೋಬರಿನಲ್ಲಿ ಗಿಂಪ್ ಎಂದು ಹುಡುಕಿದವರಿಗೆ ಅಸಲಿ ವಿಳಾಸವನ್ನೇ ತೋರಿಸುವ ಜಾಹೀರಾತು ಬರುತ್ತಿತ್ತು. ಒತ್ತಿದರೆ ಮಾತ್ರ ತದ್ರೂಪಿ ಸೈಟಿಗೆ ಕರೆದೊಯ್ಯುತ್ತಿತ್ತು. ಅಲ್ಲಿಂದ ಇಳಿಯುತ್ತಿದ್ದ ಫೈಲಿನ ತೂಕ ಸುಮಾರು 700 ಎಂಬಿ, ಒಳಗಿನ ನಿಜವಾದ ಮಾಲು ಐದು ಎಂಬಿಯ ಒಳಗೆ. ಉಳಿದದ್ದು ಬರೀ ಹೊಟ್ಟು, ದೊಡ್ಡ ಸಾಫ್ಟ್‌ವೇರಿನಂತೆ ಕಾಣಲೆಂದು ತುಂಬಿದ್ದು. ಆ ಐದು ಎಂಬಿಯ ಕೆಲಸ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದಿಯುವುದು. 7-ಜಿಪ್‌ಗೂ ಇದೇ ತೊಂದರೆ. ಅದರ ಅಸಲಿ ವಿಳಾಸದಲ್ಲಿ ಏಳಕ್ಕೂ ಜಿಪ್‌ಗೂ ನಡುವೆ ಸಣ್ಣ ಗೆರೆ ಇದೆ, ಕೊನೆಗೆ ಡಾಟ್ ಆರ್ಗ್. ಗೆರೆ ಇಲ್ಲದ ಡಾಟ್ ಕಾಮ್ ಅವರದಲ್ಲ. ವಿಳಾಸವನ್ನು ಒಮ್ಮೆ ಸರಿಯಾಗಿ ತಿಳಿದು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಪ್ರತಿ ಸಲ ಹುಡುಕುವ ಗೊಡವೆ ಇರುವುದಿಲ್ಲ.

ಫೈಲು ಇಳಿದ ಮೇಲೆ ಅದರ ಮೇಲೆ ಬಲಗಡೆಯ ಬಟನ್ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಡಿಜಿಟಲ್ ಸಿಗ್ನೇಚರ್ಸ್ ಎಂಬ ಟ್ಯಾಬ್ ಇದ್ದರೆ ಸಹಿ ಯಾರದೆಂದು ನೋಡಿ. ಪೋರ್ಟಬಲ್ ಆಪ್ಸ್ ಫೈಲುಗಳಲ್ಲಿ ರೇರ್ ಐಡಿಯಾಸ್ ಎಂಬ ಹೆಸರಿರುತ್ತದೆ, ಅದು ಹ್ಯಾಲರ್ ಅವರ ಸಂಸ್ಥೆ. ಸಹಿ ಹಾಕಿದ ಮೇಲೆ ಫೈಲಿನ ಒಂದು ಅಕ್ಷರ ಬದಲಾದರೂ ವಿಂಡೋಸ್ "ಈ ಸಹಿ ಸಿಂಧುವಲ್ಲ" ಎನ್ನುತ್ತದೆ. ಪಕ್ಕದ ಡೀಟೇಲ್ಸ್ ಟ್ಯಾಬಿನಲ್ಲಿ ಅಡೋಬಿ ಎಂದು ಬರೆದಿದ್ದರೆ ಅದನ್ನು ಪುರಾವೆ ಎಂದು ತಿಳಿಯಬೇಡಿ, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ನಿಮ್ಮ ಫೋಟೋಶಾಪಿನಲ್ಲಿ ಡೀಟೇಲ್ಸ್ ತುಂಬ ಅಡೋಬಿ, ಸಹಿಯ ಟ್ಯಾಬೇ ಇಲ್ಲ.

ಹಾಗೆಂದು ಸಹಿ ಇಲ್ಲದ್ದೆಲ್ಲ ನಕಲಿಯೂ ಅಲ್ಲ, ಇರುವುದೆಲ್ಲ ಸುರಕ್ಷಿತವೂ ಅಲ್ಲ. 7-ಜಿಪ್ ಬರೆದ ಇಗೋರ್ ಪಾವ್ಲೋವ್ ವರ್ಷಗಟ್ಟಲೆ ಸಹಿ ಇಲ್ಲದೆಯೇ ಫೈಲು ಕೊಡುತ್ತ ಬಂದಿದ್ದಾರೆ. ಇನ್ನೊಂದು ಕಡೆ 2017ರಲ್ಲಿ ಕಂಪ್ಯೂಟರಿನ ಕಸ ಗುಡಿಸುವ ಸಿಸಿಕ್ಲೀನರ್ ಎಂಬ ಸಾಫ್ಟ್‌ವೇರಿನ ಒಂದು ಆವೃತ್ತಿಗೆ ತಯಾರಕರ ಮನೆಯೊಳಗೇ ವಿಷ ಬೆರೆತು, ಸರಿಯಾದ ಸಹಿಯೊಂದಿಗೇ ಜನರ ಕೈ ಸೇರಿತ್ತು. ಆದ್ದರಿಂದ ಒಂದೇ ಗುರುತಿನ ಮೇಲೆ ತೀರ್ಪು ಕೊಡಬಾರದು. ಸಹಿ ಇಲ್ಲದಿದ್ದಾಗ ಎಸ್‌ಎಚ್‌ಎ-256 ಎಂಬ ಬೆರಳಚ್ಚು ಹೋಲಿಸಬಹುದು. 7-ಜಿಪ್ ಹಾಕಿಕೊಂಡಿದ್ದರೆ ಬಲ ಬಟನ್ ಒತ್ತಿದಾಗ ಬರುವ ಪಟ್ಟಿಯಲ್ಲೇ ಅದು ಸಿಗುತ್ತದೆ. ಬರುವ ಉದ್ದನೆಯ ಅಕ್ಷರಮಾಲೆ ತಯಾರಕರ ಪುಟದಲ್ಲಿ ಕೊಟ್ಟದ್ದಕ್ಕೆ ಅಕ್ಷರಕ್ಕಕ್ಷರ ಸರಿಹೊಂದಬೇಕು. ವೈರಸ್‌ಟೋಟಲ್ ಎಂಬ ಸೈಟಿಗೆ ಫೈಲು ಹಾಕಿದರೆ ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ನೋಡಿ ಅಭಿಪ್ರಾಯ ಹೇಳುತ್ತವೆ. ಸಾಫ್ಟ್‌ವೇರ್ ಫೈಲುಗಳನ್ನು ಮಾತ್ರ ಹಾಕಿ. ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಸಿಗಬಹುದು, ಗಿರಾಕಿಗಳ ಆಧಾರ್ ಸ್ಕ್ಯಾನನ್ನು ಎಂದೂ ಹಾಕಬೇಡಿ.

ಫಾಲ್ಸ್ ಅಲಾರಂ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ನಿರ್‌ಸಾಫ್ಟ್‌ನವರ ಪಾಸ್‌ವರ್ಡ್ ಹುಡುಕುವ ಸಣ್ಣ ಉಪಕರಣಗಳನ್ನು ನೋಡಿದರೆ ಆ್ಯಂಟಿವೈರಸ್ ಕೂಗಿಕೊಳ್ಳುತ್ತದೆ, ಅವು ಅಸಲಿ. ಆದರೆ ಆ ಮಾತನ್ನು ಹೇಳುವ ಅಧಿಕಾರ ಫೈಲು ಎಲ್ಲಿಂದ ಬಂತೆಂದು ಬಲ್ಲವರಿಗೆ ಮಾತ್ರ. ನಿಮ್ಮ ಹುಡುಗನಿಗೆ ಅದನ್ನು ಯಾರು ಕೊಟ್ಟರು ಎಂದು ಕೇಳಿ ನೋಡಿ. ಅವನಿಗೆ ಇನ್ನೊಬ್ಬ ಹುಡುಗ, ಆ ಹುಡುಗನಿಗೆ ಮತ್ತೊಬ್ಬ. ಇಷ್ಟು ಕೈ ದಾಟಿದ ಫೈಲಿನ ಬಗ್ಗೆ ಯಾರು ಭರವಸೆ ಕೊಡಬಲ್ಲರು? ಅವನ ಮೇಲೆ ಸಿಟ್ಟಾಗಬೇಡಿ, ಅವನೂ ನಂಬಿಯೇ ಕೊಟ್ಟಿರುತ್ತಾನೆ.

2020ರ ಜನವರಿಯಲ್ಲಿ ಸಯನ್ ಕಡೆಯ ಒಂದು ಹೋಟೆಲಿನಿಂದ ಬೆಳಗ್ಗೆ ಆರಕ್ಕೇ ಫೋನು ಬಂತು. ಕ್ಯಾಷ್ ಕೌಂಟರಿನ ಹಿಂದಿನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ರಾತ್ರಿ ಹೊಸ ಮೆನು ಕಾರ್ಡು ಮಾಡಲೆಂದು ಒಬ್ಬ ಹುಡುಗ ಪೋರ್ಟಬಲ್ ಫೋಟೋಶಾಪ್ ತೆರೆದಿದ್ದ. ಅದು ತೆರೆದುಕೊಂಡಿತು, ಮೆನುವೂ ತಯಾರಾಯಿತು. ಅಷ್ಟರೊಳಗೆ ಹಿನ್ನೆಲೆಯಲ್ಲಿ ಐದು ವರ್ಷದ ಲೆಕ್ಕ, ಕೆಲಸಗಾರರ ಪಗಾರದ ಹಾಳೆ, ಮಾಲೀಕರ ಮೊಮ್ಮಗಳ ನಾಮಕರಣದ ಫೋಟೋ ಎಲ್ಲದರ ಹೆಸರಿನ ಕೊನೆಗೂ ನಾಲ್ಕಕ್ಷರದ ಬಾಲ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಚೀಟಿ. ಸ್ಟಾಪ್ ಅಥವಾ ಡಿಜೆವು ಎಂದು ಕರೆಯುವ, ಫೈಲುಗಳಿಗೆ ಬೀಗ ಹಾಕಿ ತೆಗೆಯಲು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಳಗ ಇದು, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನ ಬೆನ್ನೇರಿಯೇ ಲೋಕ ಸುತ್ತಿದ್ದು. ಎಮ್ಸಿಸಾಫ್ಟ್ ಎಂಬ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಇದಕ್ಕೆ ಪುಕ್ಕಟೆ ಬಿಡುಗಡೆಯ ಕೀಲಿ ಕೊಟ್ಟಿತ್ತು, ಆದರೆ ಅದು ಪೂರ್ತಿಯಾಗಿ ಒಪ್ಪುತ್ತಿದ್ದುದು ಹಳೆಯ ತಳಿಗಳಿಗೆ. ಇವರದು ಹೊಸದು. ಲೆಕ್ಕ ಪುಸ್ತಕಗಳ ಒಂದು ಪ್ರತಿ ಸಿಎ ಆಫೀಸಿನಲ್ಲಿತ್ತು, ಅದು ಉಳಿಯಿತು. ನಾಮಕರಣದ ಫೋಟೋ ಸಿಗಲಿಲ್ಲ. ಆ ಅಜ್ಜ ಮಾತಾಡದೆ ಸ್ಕ್ರೀನ್ ನೋಡುತ್ತ ಕೂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ರ‍್ಯಾನ್ಸಮ್‌ವೇರ್ ಸದ್ದು ಮಾಡಿಯಾದರೂ ಬರುತ್ತದೆ. ಈಗ ಹೆಚ್ಚಾಗಿ ಕಾಣುವ ಕಳ್ಳರು ಸದ್ದಿಲ್ಲದವರು. ಬ್ರೌಸರಿನಲ್ಲಿ ನೀವು ಲಾಗಿನ್ ಆಗಿರುವ ಗುರುತಿನ ಚೀಟಿಯನ್ನೇ, ಅಂದರೆ ಕುಕಿಯನ್ನು, ಎತ್ತಿಕೊಂಡು ಹೋಗುತ್ತಾರೆ. ಅದು ಸಿಕ್ಕರೆ ಇಮೇಲ್ ಖಾತೆಯೊಳಗೆ ಹೋಗಲು ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಮಗಳು ಪಾಸ್‌ವರ್ಡ್ ಬದಲಿಸಿದ ಮೇಲೆ "ಎಲ್ಲ ಸಾಧನಗಳಿಂದ ಲಾಗೌಟ್" ಎಂಬುದನ್ನೂ ಒತ್ತಬೇಕು ಎನ್ನುವುದು ಇದಕ್ಕೇ. ಖಾತೆಯಿಂದ ಹಣ ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಪೊಲೀಸರ ಮಾತಿಗೆ ಬರೋಣ. ಹೆದರಿಸುವುದೂ ಬೇಡ, ಮುಚ್ಚಿಡುವುದೂ ಬೇಡ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಕಳ್ಳಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ವ್ಯಾಪಾರಕ್ಕೆ ಬಳಸದಿದ್ದವರಿಗೆ ಜೈಲು ಬಿಟ್ಟು ದಂಡವಷ್ಟೇ ಹಾಕುವ ಅವಕಾಶ ಕೋರ್ಟಿಗಿದೆ. ಅಂಗಡಿ ವ್ಯಾಪಾರವೇ ಆದ್ದರಿಂದ ಆ ರಿಯಾಯಿತಿ ನಿಮಗೆ ಸಿಗುವುದು ಕಷ್ಟ. "ಗೊತ್ತಿದ್ದೂ" ಎಂಬ ಪದವನ್ನು ಗಮನಿಸಿ. ನಿನ್ನೆವರೆಗೆ ನಿಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೂ ಕಳ್ಳಪ್ರತಿಗಳನ್ನು ವಶಪಡಿಸಿಕೊಳ್ಳಬಹುದು ಎಂದು 64ನೇ ಕಲಂ ಹೇಳುತ್ತದೆ. ನಾನು ನೋಡಿದ ಮಟ್ಟಿಗೆ ಮೊದಲು ಬರುವುದು ಕಂಪನಿಯ ವಕೀಲರ ಪತ್ರ. ಆದರೆ ಸಾಫ್ಟ್‌ವೇರ್ ಕಂಪನಿಯವರು ಎಂದು ಹೇಳಿಕೊಂಡು ಕೌಂಟರಿಗೆ ಬಂದು ನಗದು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬರವಣಿಗೆಯಲ್ಲಿ ಕೊಡಿ ಎನ್ನಿ.

ಇನ್ನು ಮುಂದಿನ ದಾರಿ. ಮೂರು ದಾರಿ ಇವೆ, ಮೂರರಲ್ಲೂ ಕಷ್ಟವಿದೆ.

ಪೂರ್ತಿ ಮುಕ್ತ ತಂತ್ರಾಂಶಕ್ಕೆ ಬದಲಾಗುವುದು ಮೊದಲನೆಯದು. ಫೋಟೋ ಕೆಲಸಕ್ಕೆ ಗಿಂಪ್ ಅಥವಾ ಕ್ರಿಟಾ, ಲೋಗೋ ಮತ್ತು ಆಮಂತ್ರಣಕ್ಕೆ ಇಂಕ್‌ಸ್ಕೇಪ್, ಸ್ಮರಣ ಸಂಚಿಕೆಯ ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಕಾಗದಪತ್ರಕ್ಕೆ ಲಿಬ್ರೆ ಆಫೀಸ್. ಸ್ಕ್ರೈಬಸ್ ಬಹಳ ವರ್ಷ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಲ್ಲಿ ಆ ಕೊರತೆ ನೀಗಿದೆ, ಪ್ರೆಸ್ಸಿನವರು ಕೇಳುವ ನಾಲ್ಕು ಬಣ್ಣದ ಪಿಡಿಎಫ್ ಕೂಡ ಅದರಿಂದ ತೆಗೆಯಬಹುದು. ತೊಂದರೆ ಏನೆಂದರೆ ಕೈಗೆ ಹತ್ತಲು ಒಂದೆರಡು ತಿಂಗಳು ಬೇಕು. ನಿಮ್ಮ ಹಳೆಯ ಕೋರೆಲ್ ಫೈಲುಗಳನ್ನು ಇಂಕ್‌ಸ್ಕೇಪ್ ತೆರೆಯುತ್ತದೆ, ಆದರೆ ಅಕ್ಷರ ಜರುಗುವುದು, ನೆರಳು ಮಾಯವಾಗುವುದು ಉಂಟು. ಮದುವೆಯ ಸೀಸನ್ನಿನ ನಡುವೆ ಇದಕ್ಕೆ ಕೈಹಾಕಬೇಡಿ.

ಎರಡನೆಯದು, ಯಾವುದಿಲ್ಲದೆ ಅಂಗಡಿ ನಡೆಯುವುದಿಲ್ಲವೋ ಅದೊಂದನ್ನು ಮಾತ್ರ ಕೊಳ್ಳುವುದು. ನಿಮ್ಮ ಕೆಲಸದ ಪಟ್ಟಿ ನೋಡಿದರೆ ಅದು ಕೋರೆಲ್ ಎಂದು ನನಗೆ ಅನಿಸುತ್ತದೆ, ಫೋಟೋಶಾಪ್ ಅಲ್ಲ. ಒಂದು ತಿಂಗಳು ಒಂದು ಹಾಳೆಯಲ್ಲಿ ಬರೆದಿಡಿ, ಯಾವುದನ್ನು ಎಷ್ಟು ಸಲ ತೆರೆದಿರಿ ಎಂದು. ಫೋಟೋಶಾಪ್ ತಿಂಗಳಿಗೆ ಹತ್ತು ಸಲವೂ ತೆರೆಯದಿದ್ದರೆ ಚಂದಾ ಕಟ್ಟುವುದು ದಂಡ. ಗಿರಾಕಿ ಪಿಎಸ್‌ಡಿ, ಅಂದರೆ ಫೋಟೋಶಾಪಿನ, ಫೈಲು ತಂದಾಗ ಬ್ರೌಸರಿನಲ್ಲೇ ತೆರೆಯುವ ಫೋಟೋಪಿಯಾ ಸಾಕು. ಕೊಂಡದ್ದಕ್ಕೆ ಬಿಲ್ಲು ಅಂಗಡಿಯ ಹೆಸರಿಗೆ ಇರಲಿ, ಖರ್ಚಿನಲ್ಲಿ ತೋರಿಸಬಹುದು. ಹೀಗೆ ಸರಿಯಾಗಿ ಪಡೆದದ್ದರ ಒಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಕಾಯ್ದೆಯೇ ಅನುಮತಿ ಕೊಟ್ಟಿದೆ. ನಾನಾಗಿದ್ದರೆ ಈ ಎರಡನೆಯ ದಾರಿ ಹಿಡಿದು, ಉಳಿದದ್ದಕ್ಕೆ ಮುಕ್ತ ತಂತ್ರಾಂಶ ಬಳಸುತ್ತಿದ್ದೆ.

ಮೂರನೆಯದು ಈಗಿರುವಂತೆಯೇ ಮುಂದುವರಿಯುವುದು. ಎಷ್ಟೋ ಅಂಗಡಿಗಳು ಹಾಗೇ ನಡೆಯುತ್ತಿವೆ, ನನಗೆ ಗೊತ್ತು. ಆದರೆ ನಿಮ್ಮ ಕಂಪ್ಯೂಟರಿಗೆ ದಿನವೂ ಊರಿನವರ ಆಧಾರ್, ಪ್ಯಾನ್, ಮದುವೆ ಮನೆಯ ವಿಳಾಸ ಬರುತ್ತವೆ. ಅವರು ನಿಮ್ಮನ್ನು ನಂಬಿ ಕೊಟ್ಟಿದ್ದಾರೆ. ಈ ದಾರಿ ಹಿಡಿಯಿರಿ ಎಂದು ನನ್ನ ಬಾಯಿಂದ ಬರುವುದಿಲ್ಲ.

ಅಕ್ಷರಗಳ ಬಗ್ಗೆ ನೀವು ಬೇರೆಯಾಗಿ ಕೇಳಲಿಲ್ಲ, ಆದರೂ ಹೇಳಲೇಬೇಕು. ನುಡಿ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಮಾಡಿದ್ದು, ಪುಕ್ಕಟೆ. ಶ್ರೀಲಿಪಿ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯದು, ಹಣ ಕೊಟ್ಟು ಪಡೆಯಬೇಕಾದದ್ದು. ಪೆನ್ ಡ್ರೈವಿನಲ್ಲಿರುವ ಅದರ ಫಾಂಟುಗಳ ಫೋಲ್ಡರ್ ಕಳ್ಳಪ್ರತಿಯೇ. ನಮ್ಮ ಭಾಷೆಯ ಲಿಪಿಗಾಗಿ ದಶಕಗಟ್ಟಲೆ ದುಡಿದವರ ಶ್ರಮ ಅದು, ಫೋಟೋಶಾಪಿಗೆ ಕೊಡುವ ಮರ್ಯಾದೆ ಅದಕ್ಕೂ ಸಲ್ಲಬೇಕು. ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಬದಲಾದರೆ ನೋಟೋ ಬಳಗದ ಕನ್ನಡ ಅಕ್ಷರಗಳು ಮುಕ್ತವಾಗಿ ಸಿಗುತ್ತವೆ. ನಮ್ಮ ಮುಂಬಯಿಯ ಏಕ್ ಟೈಪ್ ತಂಡ ಮಾಡಿದ ಬಲೂ ತಮ್ಮ ಎಂಬ ದುಂಡನೆಯ ಅಕ್ಷರವೂ ಮುಕ್ತ. ಮಕ್ಕಳ ಹುಟ್ಟುಹಬ್ಬದ ಬ್ಯಾನರಿಗೆ ಹಾಕಿ ನೋಡಿ, ಬಹಳ ಮುದ್ದಾಗಿ ಕಾಣುತ್ತದೆ.

ಈಗಿನ ಕಂಪ್ಯೂಟರ್ ಸ್ವಚ್ಛ ಮಾಡುವ ಕೆಲಸ. ಡಿಫೆಂಡರ್ ಕೆಂಪು ತೋರಿಸಿದ್ದನ್ನು ನೀವು ಅಲೋ ಮಾಡಿದ್ದೀರಿ, ಆದ್ದರಿಂದ ಬರೀ ಸ್ಕ್ಯಾನ್ ಮಾಡಿ ಬಿಡುವುದು ನನಗೆ ಸಮ್ಮತವಿಲ್ಲ. ನಿಮ್ಮ ವಿನ್ಯಾಸದ ಫೈಲು, ಫೋಟೋ, ಲೆಕ್ಕ ಇಷ್ಟನ್ನು ಹೊಸ ಹಾರ್ಡ್ ಡಿಸ್ಕಿಗೆ ತೆಗೆದಿಡಿ, ಎಕ್ಸ್‌ಇ ಫೈಲುಗಳನ್ನು ಬಿಟ್ಟು. ಆಮೇಲೆ ಮೈಕ್ರೋಸಾಫ್ಟ್ ಸೈಟಿನಿಂದಲೇ, ಬೇರೆ ಕಂಪ್ಯೂಟರಿನಲ್ಲಿ, ವಿಂಡೋಸ್ ಇಳಿಸಿ ಹೊಸದಾಗಿ ಹಾಕಿಸಿ. ಕಂಪ್ಯೂಟರ್ ಕೊಂಡಾಗಲೇ ವಿಂಡೋಸ್ ಜೊತೆಗೆ ಬಂದಿದ್ದರೆ, ವಿಂಡೋಸ್ 8ರ ನಂತರದ ಯಂತ್ರಗಳಲ್ಲಿ ಲೈಸೆನ್ಸ್ ಸಾಮಾನ್ಯವಾಗಿ ಬೋರ್ಡಿನಲ್ಲೇ ಅಡಗಿರುತ್ತದೆ, ತಾನಾಗಿ ಗುರುತಿಸಿಕೊಳ್ಳುತ್ತದೆ. ಲೈಸೆನ್ಸ್ ಇಲ್ಲದ ವಿಂಡೋಸಿಗೆ ಲೈಸೆನ್ಸ್ ಇದೆ ಎಂದು ನಂಬಿಸುವ ಆಕ್ಟಿವೇಟರ್ ಎಂಬ ಇನ್ನೊಂದು ಫೈಲನ್ನು ಹುಡುಗ ಓಡಿಸಲು ಬಂದರೆ ಬೇಡ ಎನ್ನಿ, ಅದೂ ಇದೇ ಕುಲದ್ದು. ಹೊಸದಾಗಿ ಹಾಕುವ ಮುಂಚೆ ಕುತೂಹಲಕ್ಕೆ ಒಂದು ಜಾಗ ನೋಡಿ: ವಿಂಡೋಸ್ ಸೆಕ್ಯೂರಿಟಿಯಲ್ಲಿ ವೈರಸ್ ರಕ್ಷಣೆಯ ಸೆಟ್ಟಿಂಗಿನ ಕೆಳಗೆ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿ ಇದೆ. ಅಲ್ಲಿ ಪೂರ್ತಿ ಸಿ ಡ್ರೈವ್ ಅಥವಾ ಪೆನ್ ಡ್ರೈವ್ ಹೆಸರಿದ್ದರೆ, ಕಾವಲುಗಾರನಿಗೆ ಅತ್ತ ನೋಡಬೇಡ ಎಂದು ಯಾರೋ ಹೇಳಿಟ್ಟಿದ್ದಾರೆ ಎಂದರ್ಥ.

ಕೊನೆಗೆ ಸಂಘದ ಎರಡು ಕಂಪ್ಯೂಟರ್. ಆ ಪೆನ್ ಡ್ರೈವಿನಿಂದ ಒಂದು ಫೈಲನ್ನೂ ಹಾಕಬೇಡಿ, ಅದರಲ್ಲಿರುವ ಲಿಬ್ರೆ ಆಫೀಸನ್ನು ಕೂಡ. ಬದಲಿಗೆ ಒಂದು ಹೊಸ ಪೆನ್ ಡ್ರೈವ್ ಕೊಂಡು, ತಯಾರಕರ ಸೈಟುಗಳಿಂದ ಲಿಬ್ರೆ ಆಫೀಸ್, ವಿಎಲ್‌ಸಿ, ಗಿಂಪ್, ನುಡಿ, ಕನ್ನಡ ಫಾಂಟುಗಳನ್ನು ನೀವೇ ಇಳಿಸಿ ತುಂಬಿಸಿ. ಯಾವುದನ್ನು ಯಾವ ದಿನ ಎಲ್ಲಿಂದ ಇಳಿಸಿದ್ದು ಎಂದು ಒಂದು ಚೀಟಿ ಬರೆದು ಅದರಲ್ಲೇ ಇಡಿ. ಇವುಗಳನ್ನು ಭಾನುವಾರದ ತರಗತಿಗೆ ಹಾಕಿ, ಬಂದ ಮಕ್ಕಳಿಗೂ ಮನೆಗೆ ಒಯ್ಯಲು ನಕಲು ಮಾಡಿ ಕೊಡಿ. ಇವುಗಳಲ್ಲಿ ಮುಕ್ತ ತಂತ್ರಾಂಶಗಳಿಗೆ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ, ನುಡಿಯ ಕರಾರನ್ನು ಮಾತ್ರ ಒಮ್ಮೆ ಓದಿ ನೋಡಿ.